ಪೇಟೆಂಟ್ ಎಂಬ ತೆರೆದ ಓಲೆ

ಪೇಟೆಂಟ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಬೀಗ ಹಾಕಿದ ಪೆಟ್ಟಿಗೆಯ ನೆನಪಾಗುತ್ತದೆ. ಆದರೆ ಈ ಮಾತಿನ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅದರ ಅರ್ಥ ‘ತೆರೆದಿರುವುದು’ ಎಂದು. ಯೂರೋಪಿನ ಅರಸರು ಅರಗು ಹಾಕಿ ಮುಚ್ಚದೆ, ಎಲ್ಲರೂ ಓದಲೆಂದು ಬಿಚ್ಚಿಯೇ ಕೊಡುತ್ತಿದ್ದ ಓಲೆಗೆ ಈ ಹೆಸರು ಬಂದಿತು. ಇಂದಿಗೂ ಪೇಟೆಂಟಿನ ತಿರುಳು ಇದೇ. ಹೊಸದನ್ನು ಕಂಡುಹಿಡಿದವನು ಅದರ ಗುಟ್ಟನ್ನು ಬರೆದು ತಿಳಿಸಬೇಕು. ಪ್ರತಿಯಾಗಿ ಸರಕಾರ ಅವನಿಗೆ 20 ವರ್ಷಗಳ ಹಕ್ಕನ್ನು ಕೊಡುತ್ತದೆ. ಅವಧಿ ತೀರಿದ ಬಳಿಕ ಅದು ಎಲ್ಲರ ಸೊತ್ತು.

ನಮ್ಮ ದೇಶದಲ್ಲಿ ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಪೇಟೆಂಟ್ ಕಚೇರಿಯ ವಾರಪತ್ರಿಕೆಯಲ್ಲಿ ಪ್ರಕಟವಾಗುತ್ತವೆ. ಅವನ್ನು ಕಚೇರಿಯ ಅಂತರಜಾಲ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಹೊರದೇಶಗಳ ದಾಖಲೆಗಳಿಗೆ ‘ಎಸ್ಪಾಸೆನೆಟ್’, ‘ಪೇಟೆಂಟ್‌ಸ್ಕೋಪ್’ ಎಂಬ ಭಂಡಾರಗಳಿವೆ.

ಹುಡುಕುವ ಬಗೆ ಹೇಗೆ? ಮಲೆನಾಡಿನ ತರುಣನೊಬ್ಬ ಅಡಕೆ ಮರ ಹತ್ತುವ ಯಂತ್ರವೊಂದನ್ನು ಯೋಚಿಸಿದನೆನ್ನೋಣ. ಸಾಲ ಮಾಡಿ ಯಂತ್ರ ಕಟ್ಟುವ ಮುನ್ನ, ಅಂಥದು ಮೊದಲೇ ಇದೆಯೇ ಎಂದು ಅವನು ನೋಡಬೇಕು. ಬರಿಯ ಪದಗಳನ್ನು ನಂಬಿದರೆ ಸಾಲದು. ಒಬ್ಬ ‘ಅಡಕೆ’ ಎಂದು ಬರೆದಿದ್ದರೆ, ಇನ್ನೊಬ್ಬ ‘ಕಂಬದಂಥ ವಸ್ತು’ ಎಂದಿರುತ್ತಾನೆ. ಆದುದರಿಂದ, ಅಮರಸಿಂಹನು ಶಬ್ದಗಳನ್ನು ವರ್ಗವರ್ಗವಾಗಿ ಜೋಡಿಸಿದಂತೆ, ಪೇಟೆಂಟುಗಳನ್ನೂ ಎ ಯಿಂದ ಎಚ್ ವರೆಗೆ ಎಂಟು ವಿಭಾಗಗಳಾಗಿ, ಮತ್ತೆ ಒಳವರ್ಗಗಳಾಗಿ ಹಂಚಿದ್ದಾರೆ. ಮರ ಹತ್ತುವ ಸಾಧನಗಳು ಬೇಸಾಯದ ವರ್ಗದಲ್ಲಿಲ್ಲ. ‘ಎ63ಬಿ 27’ ಎಂಬ ಗುರುತಿನಡಿ, ಅಂಗಸಾಧನೆಯ ಸಲಕರಣೆಗಳ ನೆರೆಯಲ್ಲಿವೆ! ಈ ಗುರುತು ತಿಳಿದವನಿಗೆ ದಾರಿ ಸುಲಭ.

ಓಲೆ ಸಿಕ್ಕಿದ ಮೇಲೆ ತಲೆಬರಹವನ್ನಷ್ಟೇ ಓದಿ ಬಿಡಬಾರದು. ಕೊನೆಯಲ್ಲಿ ಅಂಕಿ ಹಾಕಿ ಬರೆದ ಹಕ್ಕಿನ ವಾಕ್ಯಗಳೇ ಅದರ ಎಲ್ಲೆಗಲ್ಲು. ಅದು ಬರಿಯ ಅರ್ಜಿಯೋ, ಮಂಜೂರಾದುದೋ, ಶುಲ್ಕ ಕಟ್ಟದೆ ಬಿದ್ದುಹೋದುದೋ ಎಂಬುದನ್ನೂ ನೋಡಬೇಕು. ಪೇಟೆಂಟಿನ ಹಕ್ಕು ಅದನ್ನು ಕೊಟ್ಟ ದೇಶದೊಳಗೆ ಮಾತ್ರ ಸಲ್ಲುತ್ತದೆ. ಆದರೆ ಯಾವ ದೇಶದಲ್ಲಿ ಅಚ್ಚಾಗಿದ್ದರೂ ಅದನ್ನು ಇಲ್ಲಿ ‘ಹೊಸದು’ ಎನ್ನುವಂತಿಲ್ಲ.

ಈ ಹುಡುಕಾಟದಿಂದ ನಾಡಿಗೂ ರಕ್ಷಣೆಯುಂಟು. ಗಾಯಕ್ಕೆ ಅರಿಸಿನ ಹಚ್ಚುವುದು ನಮ್ಮ ಮನೆಮನೆಯ ಮದ್ದು. ಆದರೂ 1995ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಅದರ ಮೇಲೆ ಹಕ್ಕು ಕೊಟ್ಟುಬಿಟ್ಟಿತು. ಅಜ್ಜಿ ಹೇಳುತ್ತಿದ್ದಳೆಂಬ ಮಾತು ಅಲ್ಲಿ ಸಾಕ್ಷಿಯಾಗಲಾರದು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳನ್ನೂ, 1953ರಲ್ಲಿ ಭಾರತೀಯ ವೈದ್ಯ ಸಂಘದ ಪತ್ರಿಕೆಯಲ್ಲಿ ಅಚ್ಚಾಗಿದ್ದ ಲೇಖನವನ್ನೂ ಮುಂದಿಟ್ಟು ವಾದಿಸಿತು. 1997ರಲ್ಲಿ ಆ ಹಕ್ಕು ಬಿದ್ದುಹೋಯಿತು.

ನಮ್ಮಲ್ಲಿ ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮುನ್ನ, ಯಾರು ಬೇಕಾದರೂ ಬರಹದ ಮೂಲಕ ಆಕ್ಷೇಪಿಸಬಹುದು. ಆದರೆ ಆಕ್ಷೇಪಿಸುವವನು ಮೊದಲು ಓದಿರಬೇಕಷ್ಟೆ. ತೆರೆದಿಟ್ಟ ಓಲೆಯನ್ನು ಓದುವ ಅಭ್ಯಾಸ ನಮ್ಮ ರೈತರಿಗೂ ಕುಶಲಕರ್ಮಿಗಳಿಗೂ ವಿದ್ಯಾರ್ಥಿಗಳಿಗೂ ಬರಲಿ.