ಸೀಟಿನ ಕೆಳಗಿನ ಚೀಲ

ಸೈಕಲ್ ಸವಾರನ ಭಾರವನ್ನೆಲ್ಲ ಹೊತ್ತು ಓಡುವುದು ಸುಮಾರು ಒಂದು ಮಿಲಿಮೀಟರ್ ದಪ್ಪದ ರಬ್ಬರ್ ಟ್ಯೂಬಿನೊಳಗೆ ಕೂಡಿಟ್ಟ ಗಾಳಿ. ಅದನ್ನು ಹೊರಗೆ ಬಿಡಲು ಬಳ್ಳಾರಿ ಜಾಲಿಯ ಒಂದು ಮುಳ್ಳು ಸಾಕು. ದೂರದ ಸವಾರಿಗೆ ಏನೇನು ಒಯ್ಯಬೇಕು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಯಂತ್ರದಲ್ಲಿ ಮೊದಲು ಕೈಕೊಡುವುದು ಯಾವುದೆಂದು ನೋಡಿ, ಚೀಲವನ್ನು ಆ ಕ್ರಮದಲ್ಲೇ ತುಂಬಿ. ಮೊದಲು ಗಾಳಿ, ಆಮೇಲೆ ಚೈನು. ಎಷ್ಟೋ ಸಲ ಇವೆರಡಕ್ಕೂ ಮುಂಚೆ ಸವಾರನ ಮೈ.

ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದಾಗ ಅದು ಚಕ್ರಕ್ಕೆ ಅಂಟಿಕೊಂಡೇ ಇರುತ್ತಿತ್ತು. ಪಂಕ್ಚರ್ ಆದರೆ ಬಿಚ್ಚಿ ಸರಿಪಡಿಸಲು ಗಂಟೆಗಟ್ಟಲೆ ಬೇಕು, ಅಂಟು ಒಣಗಲು ಇಡೀ ರಾತ್ರಿ. ಫ್ರಾನ್ಸಿನ ಮಿಷೆಲಿನ್ ಸಹೋದರರು 1891ರಲ್ಲಿ ಕಳಚಿ ಹಾಕಬಹುದಾದ ಟೈರು ತಂದರು. ಅದೇ ವರ್ಷ ಶಾರ್ಲ್ ತೆರೋಂ ಅದೇ ಟೈರಿನ ಮೇಲೆ ಸುಮಾರು 1200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸ್ಪರ್ಧೆ ಗೆದ್ದ. ರಸ್ತೆಯ ಬದಿಯಲ್ಲಿ ಕೂತು ನಮ್ಮ ಟೈರನ್ನು ನಾವೇ ಸರಿಮಾಡಿಕೊಳ್ಳುವುದು ಸಾಧ್ಯವಾದದ್ದು ಆಗಿನಿಂದ.

ಹಾಗಾಗಿ ಚೀಲಕ್ಕೆ ಮೊದಲು ಸೇರಬೇಕಾದದ್ದು ಒಂದು ಹೊಸ ಟ್ಯೂಬು, ಎರಡು ಟೈರ್ ಲಿವರು, ಒಂದು ಪಂಪು. ರಸ್ತೆಯಲ್ಲಿ ಟ್ಯೂಬ್ ಬದಲಿಸಿಬಿಡುವುದೇ ಲೇಸು, ಪ್ಯಾಚ್ ಎರಡನೇ ಪಂಕ್ಚರಿಗೆ ಇರಲಿ. ಆದರೆ ಹೊಸ ಟ್ಯೂಬ್ ಹಾಕುವ ಮುನ್ನ ತೂತಾದದ್ದು ಏಕೆಂದು ತಿಳಿಯಲೇಬೇಕು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಇದ್ದರೆ, ಗಾಳಿ ಕಡಿಮೆಯಿದ್ದ ಟೈರು ಗುಂಡಿಗೆ ಬಡಿದು ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿದೆ ಎಂದರ್ಥ. ಒಂದೇ ತೂತಾದರೆ ಮುಳ್ಳೋ ಗಾಜಿನ ಚೂರೋ ಇನ್ನೂ ಟೈರಿನಲ್ಲೇ ಇರಬಹುದು. ಬಟ್ಟೆಯ ಚೂರೊಂದನ್ನು ಟೈರಿನ ಒಳಮೈಗೆ ಸವರುತ್ತ ಹೋಗಿ, ಮುಳ್ಳಿದ್ದಲ್ಲಿ ಅದು ಸಿಕ್ಕಿಕೊಳ್ಳುತ್ತದೆ.

ಪ್ಯಾಚ್ ಹಾಕುವುದು ಅಂಟಿಸುವ ಕೆಲಸವೆಂದು ಬಹಳ ಜನ ತಿಳಿದಿದ್ದಾರೆ. ಆದರೆ ಒಳ್ಳೆಯ ಸಲ್ಯೂಷನ್ನಿನಲ್ಲಿ ಬೇಗ ಆರಿಹೋಗುವ ದ್ರಾವಕದಲ್ಲಿ ಕರಗಿಸಿದ ರಬ್ಬರಿನ ಜೊತೆಗೆ ವಲ್ಕನೀಕರಣವನ್ನು ಚುರುಕುಗೊಳಿಸುವ ರಾಸಾಯನಿಕವೂ ಇರುತ್ತದೆ. ಪ್ಯಾಚಿನ ತಳದ ಪದರಕ್ಕೆ ಅದು ತಾಗಿದಾಗ ರಬ್ಬರಿನ ಉದ್ದುದ್ದ ಅಣುಗಳ ನಡುವೆ ಅಡ್ಡ ಕೊಂಡಿಗಳು ಬೆಳೆಯತೊಡಗುತ್ತವೆ, ಬೆಂಕಿಯ ಶಾಖವಿಲ್ಲದೆಯೇ. ಸರಿಯಾಗಿ ಹಾಕಿದ ಪ್ಯಾಚು ಕಾಲಕ್ರಮೇಣ ಟ್ಯೂಬಿನ ಭಾಗವೇ ಆಗಿಬಿಡುತ್ತದೆ. ಉಪ್ಪು ಕಾಗದದಿಂದ ಉಜ್ಜುವುದೂ ಇದಕ್ಕಾಗಿಯೇ, ಅಚ್ಚಿನಿಂದ ಹತ್ತಿದ ಜಿಡ್ಡು ಹೋಗಿ ತಾಜಾ ರಬ್ಬರು ಕಾಣಬೇಕು. ಸಲ್ಯೂಷನ್ ಬಳಿದ ಮೇಲೆ ಮೇಲ್ಮೈಯ ಹೊಳಪು ಹೋಗುವವರೆಗೆ ಕೆಲವು ನಿಮಿಷ ಕಾಯಬೇಕು. ಅವಸರಪಟ್ಟರೆ ಆರದ ದ್ರಾವಕ ಪ್ಯಾಚಿನಡಿ ಸಿಕ್ಕಿಬಿದ್ದು ಅಂಚು ಬಿಟ್ಟುಕೊಳ್ಳುತ್ತದೆ. ಒಮ್ಮೆ ತೆರೆದ ಸಲ್ಯೂಷನ್ ಟ್ಯೂಬು ಮುಚ್ಚಳ ಬಿಗಿದಿದ್ದರೂ ಒಳಗೊಳಗೇ ಒಣಗುತ್ತದೆ, ದೂರ ಹೋಗುವಾಗ ತೆರೆಯದ ಒಂದು ಜೊತೆಗಿರಲಿ.

ಪಂಪು ಕೊಳ್ಳುವಾಗ ಉದ್ದಕ್ಕಿಂತ ಕೊಳವೆಯ ಒಳ ಅಗಲ ನೋಡಿ. ತಳ್ಳಲು ಬೇಕಾದ ಬಲವೆಂದರೆ ಒತ್ತಡವನ್ನು ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದಷ್ಟು. ಚದರ ಸೆಂಟಿಮೀಟರಿಗೆ ಐದು ಕಿಲೋ ಒತ್ತಡ ಬೇಕಾದ ತೆಳು ಟೈರಿಗೆ, 2 ಸೆಂಟಿಮೀಟರ್ ವ್ಯಾಸದ ಪಂಪಿನಲ್ಲಿ ಕೊನೆಯ ಹೊಡೆತಕ್ಕೆ ಸುಮಾರು 16 ಕಿಲೋ ಭಾರ ಹಾಕಬೇಕು. ವ್ಯಾಸ 3 ಸೆಂಟಿಮೀಟರ್ ಆದರೆ ಅದೇ ಕೆಲಸಕ್ಕೆ 35 ಕಿಲೋ! ದಪ್ಪ ಟೈರಿಗೆ ಒತ್ತಡ ಕಡಿಮೆ ಸಾಕು, ಗಾಳಿ ಮಾತ್ರ ಹೆಚ್ಚು ಬೇಕು. ಅಲ್ಲಿ ಅಗಲ ಪಂಪೇ ಸರಿ.

ಪಂಪಿನ ಬದಲು ಇಂಗಾಲದ ಡೈಆಕ್ಸೈಡಿನ ಪುಟ್ಟ ಸಿಲಿಂಡರ್ ಒಯ್ಯುವವರಿದ್ದಾರೆ. ಕ್ಷಣಾರ್ಧದಲ್ಲಿ ಟೈರು ಬಿಗಿಯಾಗುತ್ತದೆ. ಆದರೆ ಆ ಅನಿಲ ಗಾಳಿಗಿಂತ ಎಷ್ಟೋ ಸುಲಭವಾಗಿ ರಬ್ಬರಿನಲ್ಲಿ ಕರಗಿ ಹೊರಗೆ ಜಿನುಗುವುದರಿಂದ ಮರುದಿನದ ಹೊತ್ತಿಗೆ ಟೈರು ಮೆತ್ತಗಾಗಿರುತ್ತದೆ. ಸಿಲಿಂಡರು ಬರಿದಾದರೆ ಕಥೆ ಮುಗಿಯಿತು, ಪಂಪಿಗೆ ಆ ಭಯವಿಲ್ಲ. ಹಳೆಯ ಮಾದರಿಯ ವಾಲ್ವ್ ಇರುವ ಸೈಕಲ್ಲಿಗೆ ಬೆರಳುದ್ದದ ವಾಲ್‌ಟ್ಯೂಬನ್ನೂ ಮರೆಯಬೇಡಿ.

ಚೈನಿನ ವಿಷಯ ಚಿಕ್ಕದು. ಪಿನ್ನು ತಳ್ಳುವ ಚೈನ್ ಟೂಲ್ ಮತ್ತು ಒಂದು ಜೋಡಿ ಕ್ವಿಕ್ ಲಿಂಕ್ ಸಾಕು. ಎಲ್ಲ ಚೈನುಗಳಲ್ಲೂ ಪಿನ್ನುಗಳ ನಡುವಿನ ಅಂತರ ಅರ್ಧ ಇಂಚೇ ಆದರೂ ಗೇರುಗಳ ಸಂಖ್ಯೆಗೆ ತಕ್ಕಂತೆ ಅಗಲ ಬದಲಾಗುತ್ತದೆ, ಲಿಂಕು ನಿಮ್ಮ ಚೈನಿನ ಅಳತೆಯದೇ ಆಗಿರಬೇಕು. ಅಲೆನ್ ಕೀಗಳನ್ನು ಮನೆಯಲ್ಲೇ ಒಂದೊಂದು ಬೋಲ್ಟಿಗೂ ಹಾಕಿ ನೋಡಿ, ಯಾವುದಕ್ಕೂ ಕೂರದ್ದನ್ನು ಬಿಟ್ಟು ಹೋಗಿ.

ಇನ್ನು ಮೈ. ತಿಂದದ್ದರ ಶಕ್ತಿಯಲ್ಲಿ ಪೆಡಲಿಗೆ ಸೇರುವುದು ನಾಲ್ಕನೇ ಒಂದು ಭಾಗದಷ್ಟು ಮಾತ್ರ, ಉಳಿದದ್ದೆಲ್ಲ ಶಾಖ. ಅದನ್ನು ಹೊರಹಾಕಲು ಬೆವರು ಆರಬೇಕು, ಬೆವರಿನೊಡನೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಅಪಾಯವೂ ಆಗಬಹುದು. ಚಿಕ್ಕಿ, ಬಾಳೆಹಣ್ಣಿನ ಜೊತೆ ಓಆರ್‌ಎಸ್ ಪೊಟ್ಟಣ ಇರಲಿ. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿಯೇ ಒಳಸೇರುತ್ತವೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿನ ಬಾಟಲಿಗೆ ಪೂರ್ತಿ ಸುರಿದರೆ ದ್ರಾವಣ ಗಾಢವಾಗಿ, ಕರುಳು ನೀರು ಹೀರುವ ಬದಲು ಮೈಯಿಂದಲೇ ನೀರೆಳೆಯತೊಡಗುತ್ತದೆ. ಅಂಥ ಬಾಟಲಿಗಳಾದರೆ ಎರಡಕ್ಕೂ ಅರ್ಧರ್ಧ ಹಾಕಿ.