ನಗು ಬರುವಾಗ ಮಾತ್ರ ಬಿಚ್ಚಿಕೊಳ್ಳುವ ಕೈಕೋಳ

ಈ ವಾರದ ವಿಡಿಯೋ ನೋಡೋಕೆ ಪುರುಸೊತ್ತು ಸಿಗದವರಿಗೆ, ಆಫೀಸ್ ಕ್ಯಾಬಿನಲ್ಲಿ ಕೂತು ಓದೋರಿಗೆ, ಅದೇ ಮಾತು ಇಲ್ಲಿ ಬರಹದಲ್ಲಿ.

ಪುಣೆಯ ನಮ್ಮ ಸೊಸೈಟಿಯಲ್ಲಿರೋ ನಾಲ್ಕೈದು ಕನ್ನಡದ ಮನೆಯವರು ತಿಂಗಳಿಗೊಂದು ಶನಿವಾರ ಸೇರಿ ಸಿನಿಮಾ ನೋಡ್ತೀವಿ. ಹೋದ ಸಲ ನಾನು ಹಾಕಿದ್ದು 'ಹೂ ಫ್ರೇಮ್ಡ್ ರೋಜರ್ ರ್‍ಯಾಬಿಟ್'. 1988ರ ಸಿನಿಮಾ, ರಾಬರ್ಟ್ ಝೆಮೆಕಿಸ್ ನಿರ್ದೇಶನ. ಅದರಲ್ಲಿ ಕಪ್ಪು ಕೋಟಿನ ಜಡ್ಜ್ ಡೂಮ್ ತೆರೆಗೆ ಬಂದು ಎರಡು ನಿಮಿಷ ಆಗಿರಲಿಲ್ಲ, ಪಕ್ಕದಲ್ಲಿದ್ದ ಗೆಳೆಯ "ಗುರು, ವಿಲನ್ ಇವನೇ ತಾನೆ? ಬರೀ ಕ್ಲೀಷೆ" ಅಂದ. ಹೌದು, ವಿಲನ್ ಅವನೇ. ಆದರೂ ನನಗೆ ಒಳಗೇ ಉರೀತು. ಯಾಕೆ ಅಂತ ಹೇಳ್ತೀನಿ. ಕಥೆಯನ್ನೆಲ್ಲ ಬಿಚ್ಚಿಡ್ತೀನಿ, ನೋಡಿಲ್ಲದವರು ನೋಡಿಯೇ ಬನ್ನಿ.

ಕಥೆ ನಡೆಯೋದು 1947ರ ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿ ಕಾರ್ಟೂನ್ ಪಾತ್ರಗಳು, ಅಂದ್ರೆ 'ಟೂನ್'ಗಳು, ನಿಜವಾಗಿಯೂ ಇವೆ. ಟೂನ್‌ಟೌನ್ ಅನ್ನೋ ಊರಲ್ಲಿ ವಾಸ, ಸ್ಟುಡಿಯೋದಲ್ಲಿ ಕೆಲಸ. ಆ ಊರಿನ ಮಾಲೀಕ ಆಕ್ಮಿಯ ಕೊಲೆಯಾಗುತ್ತೆ, ಆರೋಪ ರೋಜರ್ ಅನ್ನೋ ಮೊಲದ ಮೇಲೆ ಬರುತ್ತೆ. ಅವನನ್ನ ಉಳಿಸಬೇಕಾದವನು ಎಡ್ಡಿ ವ್ಯಾಲಿಯಂಟ್, ಕುಡುಕ ಪತ್ತೇದಾರ. ಪಾತ್ರ ಮಾಡಿದ್ದು ಬಾಬ್ ಹಾಸ್ಕಿನ್ಸ್.

ನನ್ನ ಗೆಳೆಯನ ಪರವಾಗಿಯೇ ಲೆಕ್ಕ ಹಾಕೋಣ. ಬಾಟಲಿ ಬಿಡದ ಪತ್ತೇದಾರ, ಸತ್ತುಹೋದ ಪಾರ್ಟ್ನರ್, ಕ್ಲಬ್ಬಲ್ಲಿ ಹಾಡೋ ನಿಗೂಢ ಸುಂದರಿ, ಕೊಲೆಯ ಹಿಂದೆ ಭೂಮಿಯ ವ್ಯವಹಾರ. 1974ರ 'ಚೈನಾಟೌನ್' ನೋಡಿದವರಿಗೆ ಆ ಭೂಮಿಯ ವ್ಯವಹಾರ ಪರಿಚಿತ. ಇನ್ನೊಂದು ಕಡೆ ಕಾರ್ಟೂನಿನ ಹಳೇ ಸರಕು: ತಲೆ ಮೇಲೆ ಬೀಳೋ ಭಾರದ ವಸ್ತು, ಎತ್ತಿ ಗೋಡೆಗೆ ಅಂಟಿಸಬಹುದಾದ ತೂತು, ಚಪ್ಪಟೆಯಾಗಿ ಮತ್ತೆ ಎದ್ದು ನಿಲ್ಲೋ ದೇಹ. ಎರಡೂ ಪಟ್ಟಿಯಲ್ಲಿ ಹೊಸದು ಒಂದೂ ಇಲ್ಲ.

ಆದರೆ ಈ ಸಿನಿಮಾ ಒಂದು ಪಟ್ಟಿಯ ಸೂತ್ರವನ್ನ ತೆಗೆದು ಇನ್ನೊಂದರ ಒಳಗೆ ಕಾನೂನು ಮಾಡಿಬಿಡುತ್ತೆ. ಕಾರ್ಟೂನಲ್ಲಿ ತಲೆ ಮೇಲೆ ಪಿಯಾನೋ ಬಿದ್ದರೆ ನಗು. ಇಲ್ಲಿ ಒಬ್ಬ ಟೂನ್ ಬೀಳಿಸಿದ ಪಿಯಾನೋಗೆ ಸಿಕ್ಕಿ ಎಡ್ಡಿಯ ಸಹೋದರ ಟೆಡ್ಡಿ ಸತ್ತೇ ಹೋಗಿದ್ದಾನೆ. ಯಾಕಂದ್ರೆ ಅವನು ಮನುಷ್ಯ. ನಮ್ಮ ಭಾಷೆಯಲ್ಲಿ, ಒಂದು ಸಿಸ್ಟಮ್ಮಿನ ಫೀಚರ್ ಇನ್ನೊಂದರಲ್ಲಿ ಬಗ್. ಎಡ್ಡಿಯ ಕುಡಿತ, ಟೂನ್‌ಗಳ ಮೇಲಿನ ದ್ವೇಷ, ಎಲ್ಲ ಅಲ್ಲಿಂದ ಬಂದಿದ್ದು. ಎಡ್ಡಿ ಆ ದುಃಖವನ್ನ ತನ್ನ ಬಾಯಲ್ಲೇ ಹೇಳೋ ಮೊದಲೇ ಕ್ಯಾಮೆರಾ ಟೆಡ್ಡಿಯ ಮೇಜಿನ ಕಡೆ ನಿಧಾನ ಹೋಗುತ್ತೆ: ಧೂಳು, ಪೇಪರ್ ತುಣುಕುಗಳು, ಸರ್ಕಸ್ಸಿನ ಹಳೇ ಫೋಟೋ. ಆ ಫೋಟೋ ನೆನಪಿಟ್ಟುಕೊಳ್ಳಿ.

ನನಗೆ ಅತಿ ಇಷ್ಟದ ದೃಶ್ಯ ಕೈಕೋಳದ್ದು. ರೋಜರ್ ಮತ್ತು ಎಡ್ಡಿಯ ಕೈಗಳು ಒಂದೇ ಕೈಕೋಳದಲ್ಲಿ ಸಿಕ್ಕಿಕೊಂಡಿವೆ. ಬಾರಿನ ಹಿಂದಿನ ಗುಪ್ತ ಕೋಣೆಯಲ್ಲಿ ಎಡ್ಡಿ ಗರಗಸ ಹಿಡಿದು ಕುಯ್ತಿದ್ದಾನೆ. ಪೆಟ್ಟಿಗೆ ಅಲ್ಲಾಡುತ್ತೆ, ರೋಜರ್ ಸುಲಭವಾಗಿ ಕೈ ಹೊರಗೆ ತೆಗೆದು ಅದನ್ನ ಹಿಡ್ಕೋತಾನೆ. ಇಷ್ಟೊತ್ತೂ ಬಿಡಿಸಿಕೊಳ್ಳಬಹುದಿತ್ತಾ ಅಂತ ಎಡ್ಡಿ ಕೆಂಡವಾದರೆ, ಯಾವಾಗ ಬೇಕಾದರೂ ಆಗಲ್ಲ, ನಗು ಬರುವಾಗ ಮಾತ್ರ ಅನ್ನೋದು ರೋಜರ್ ಉತ್ತರ. ಇದು ಬರೀ ಜೋಕ್ ಅಲ್ಲ. ಸಿನಿಮಾದ ಇಡೀ ರೂಲ್‌ಬುಕ್ ಆ ಉತ್ತರದಲ್ಲಿದೆ.

ಅದೇ ಕೋಣೆಯಲ್ಲಿ ಎಡ್ಡಿಯ ತಲೆ ತೂಗುದೀಪಕ್ಕೆ ಬಡಿದು ಬೆಳಕು ತೂಗಾಡುತ್ತೆ. ಕಂಪ್ಯೂಟರ್ ಅನಿಮೇಷನ್ ಅಲ್ಲ ಇದು. ರಿಚರ್ಡ್ ವಿಲಿಯಮ್ಸ್ ತಂಡ ಮೊಲವನ್ನ ಒಂದೊಂದೇ ಫ್ರೇಮಿಗೆ ಕೈಯಲ್ಲಿ ಬಿಡಿಸಿದ್ದು. ದೀಪ ತೂಗಾಡಿದಷ್ಟೂ ಹೊತ್ತು ಮೊಲದ ಮೇಲಿನ ಬೆಳಕು, ನೆರಳು ಎಲ್ಲ ಬದಲಾಗ್ತಾ ಹೋಗಬೇಕು. ದೀಪ ಸುಮ್ಮನಿದ್ದಿದ್ದರೆ ಯಾರೂ ಕೇಳ್ತಿರಲಿಲ್ಲ. ಡೆಡ್‌ಲೈನ್ ಹತ್ತಿರ ಬಂದಾಗ ನಾನಾದರೆ ಆ ದೀಪವನ್ನ ಮೊದಲು ಸ್ಕೋಪಿನಿಂದ ತೆಗೀತಿದ್ದೆ.

ಇನ್ನು ಜಡ್ಜ್. ಟೂನ್‌ಗೆ ಸಾವಿಲ್ಲ ಅಂದ್ರೆ ಕಥೆಯಲ್ಲಿ ಭಯ ಎಲ್ಲಿಂದ ಬರಬೇಕು? ಅದಕ್ಕೇ 'ಡಿಪ್' ಅನ್ನೋ ದ್ರಾವಣ: ಟರ್ಪೆಂಟೈನ್, ಅಸಿಟೋನ್, ಬೆಂಜೀನ್. ಬಣ್ಣ ಕರಗಿಸೋ ವಸ್ತುಗಳೇ! ಅದು ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸೋಕೆ ಜಡ್ಜ್ ತನ್ನ ಕಾಲಿಗೆ ಮುದ್ದಾಗಿ ಉಜ್ಜಿಕೊಳ್ತಿದ್ದ ಪುಟ್ಟ ಟೂನ್ ಶೂವನ್ನ ಎತ್ತಿ ನಿಧಾನವಾಗಿ ಅದರಲ್ಲಿ ಅದ್ದುತ್ತಾನೆ. ಅಲ್ಲೀವರೆಗೂ ಕಿಲಕಿಲ ನಗ್ತಿದ್ದ ನನ್ನ ಏಳು ವರ್ಷದ ಮಗಳು ಎದ್ದು ಹೋಗಿ ಅಮ್ಮನ ಮಡಿಲಲ್ಲಿ ಕೂತಳು. "ಅಪ್ಪಾ, ಶೂ ಏನ್ ಮಾಡಿತ್ತು?" ಏನೂ ಮಾಡಿರಲಿಲ್ಲ ಪುಟ್ಟಾ, ಅಂದೆ. ತಪ್ಪು ಮಾಡದವರಿಗೆ ನೋವು ಕೊಡಿಸಿ ವಿಲನ್ ಯಾರು ಅಂತ ತೋರಿಸೋದು ತುಂಬಾ ಹಳೇ ಸೂತ್ರ. ನನ್ನ ಗೆಳೆಯನೂ ಗುರುತು ಹಿಡಿದದ್ದು ಅಲ್ಲೇ. ಆದರೆ ಗುರುತು ಸಿಕ್ಕ ಮಾತ್ರಕ್ಕೆ ಹೊಟ್ಟೆಯಲ್ಲಿ ಸಂಕಟ ಆಗದೆ ಇರುತ್ತಾ? ಆ ಹೊತ್ತಲ್ಲಿ ಅವನೂ ಪಾಪ್‌ಕಾರ್ನ್ ಬಟ್ಟಲಿಗೆ ಕೈ ಹಾಕಿರಲಿಲ್ಲ, ನಾನು ನೋಡಿದ್ದೀನಿ.

ಹಾಡುಗಾರ್ತಿ ಜೆಸಿಕಾ ವಿಷಯದಲ್ಲಿ ಮಾತ್ರ ಸೂತ್ರ ಉಲ್ಟಾ. ಮೋಸ ಮಾಡೇ ಮಾಡ್ತಾಳೆ ಅಂದ್ಕೊಂಡವಳು ಗಂಡನಿಗೆ ನಿಷ್ಠೆಯಾಗಿದ್ದಾಳೆ. ತನ್ನನ್ನ ಹಾಗೆ ಬಿಡಿಸಿರೋದಕ್ಕೆ ತಾನೇನು ಮಾಡಲಿ ಅನ್ನೋದು ಅವಳ ವಾದ.

ಜಡ್ಜ್‌ನ ಸಂಚು ಏನಪ್ಪಾ ಅಂದ್ರೆ ರೆಡ್ ಕಾರ್ ಟ್ರಾಲಿ ಕಂಪನಿಯನ್ನ ಕೊಂಡು ಮುಚ್ಚಿ, ಟೂನ್‌ಟೌನ್ ಅಳಿಸಿ, ಅಲ್ಲಿ ಫ್ರೀವೇ ಹಾಕೋದು. ಜಡ್ಜ್ ಕಟ್ಟುಕಥೆ, ರೆಡ್ ಕಾರ್ ಅಲ್ಲ. ಲಾಸ್ ಏಂಜಲೀಸ್‌ನಲ್ಲಿ ನಿಜಕ್ಕೂ ಓಡಿದ ಟ್ರಾಲಿ ಅದು, ಕೊನೆಯ ಮಾರ್ಗ ನಿಂತದ್ದು 1961ರಲ್ಲಿ. ಹಿಂಜವಡಿ ಟ್ರಾಫಿಕ್ಕಲ್ಲಿ ಕೂತು ಇದನ್ನ ಓದ್ತಿರೋರಿಗೆ ಜಾಸ್ತಿ ವಿವರಿಸಬೇಕಿಲ್ಲ.

ಕ್ಲೈಮ್ಯಾಕ್ಸಿನಲ್ಲಿ ಎಡ್ಡಿ ಬಂದೂಕಿನಿಂದ ಗೆಲ್ಲಲ್ಲ. ಜಡ್ಜ್‌ನ ಬಂಟರು ಮುಂಗುಸಿ ಥರ ಕಾಣೋ ಟೂನ್‌ಗಳು. ಅತಿಯಾಗಿ ನಕ್ಕರೆ ಸಾಯ್ತೀರಿ ಅಂತ ಜಡ್ಜೇ ಅವರನ್ನ ಮೊದಲು ಗದರಿಸಿರ್ತಾನೆ. ಎಡ್ಡಿ ಹಾಡ್ತಾನೆ, ಕುಣೀತಾನೆ, ಬೀಳ್ತಾನೆ. ನಗೋದನ್ನೇ ಬಿಟ್ಟಿದ್ದ ಮನುಷ್ಯ ಕೋಡಂಗಿಯಾಗ್ತಾನೆ. ಅವರಲ್ಲಿ ಹೆಚ್ಚಿನವರು ನಕ್ಕು ನಕ್ಕು ಸಾಯ್ತಾರೆ. ಮೇಜಿನ ಮೇಲೆ ಸರ್ಕಸ್ ಫೋಟೋ ಯಾಕಿತ್ತು ಅಂತ ಈಗ ಗೊತ್ತಾಯ್ತಲ್ಲ. ಆಮೇಲೆ ಜಡ್ಜ್ ಚಪ್ಪಟೆಯಾಗಿ ಮತ್ತೆ ಎದ್ದು ನಿಂತಾಗ, ಅವನೂ ಒಬ್ಬ ಟೂನ್, ಟೆಡ್ಡಿಯನ್ನ ಕೊಂದವನೇ ಇವನು ಅಂತ ಬಯಲಾಗುತ್ತೆ. ಆ ಕೀರಲು ದನಿ ಕೇಳಿ ನನ್ನ ಗೆಳೆಯ ಸೋಫಾ ತುದಿಗೆ ಬಂದಿದ್ದ.

ಕೊನೆಗೊಂದು ಕಲೆ. ಆಕ್ಮಿ ಆರಂಭದಲ್ಲೇ, ಕ್ಲಬ್ಬಿನಲ್ಲಿ, ತಮಾಷೆಗೆ ಎಡ್ಡಿಯ ಅಂಗಿಗೆ ಮಾಯವಾಗಿ ಮತ್ತೆ ಮೂಡೋ ಇಂಕ್ ಹಾರಿಸಿರ್ತಾನೆ. ಎಲ್ಲ ಮುಗಿದ ಮೇಲೆ ಅಂಗಿಯಲ್ಲಿ ಅದು ತಾನಾಗೇ ಮೂಡುತ್ತೆ. ಆಗ ಎಡ್ಡಿಗೆ ಹೊಳೆಯುತ್ತೆ: ಖಾಲಿ ಹಾಳೆ ಅಂತ ರೋಜರ್ ಹೆಂಡತಿಗೆ ಪ್ರೇಮಪತ್ರ ಬರೆದದ್ದು ಆಕ್ಮಿಯ ವಿಲ್ ಮೇಲೆಯೇ. ಟೂನ್‌ಟೌನ್ ಟೂನ್‌ಗಳ ಪಾಲಾಗುತ್ತೆ.

ಟೈಟಲ್ಸ್ ಓಡ್ತಿದ್ದಾಗ ಗೆಳೆಯ ರಿಮೋಟ್ ಕೇಳಿದ. "ಆ ಇಂಕ್ ಹಾರಿಸೋ ಸೀನ್ ಎಲ್ಲಿತ್ತು? ಒಂಚೂರು ಹಿಂದಕ್ಕೆ ಹಾಕು ಮಾರಾಯ."