ಮೊಮ್ಮಗಳ ಕೇಕೂ ಕರಗಿದ ಚಾಕಲೇಟೂ

ಒಂದು ದಿನ ಸಂಜೆ ನಾಲ್ಕೂವರೆಯ ಸುಮಾರಿಗೆ, ಎರಡನೆಯ ಇಯತ್ತೆಯಲ್ಲಿ ಕಲಿಯುವ ನನ್ನ ಮೊಮ್ಮಗಳು ಶಾಲೆಯಿಂದ ಮನೆಗೆ ಹೋಗದೆ ನೇರವಾಗಿ ಅಂಗಡಿಗೆ ಬಂದಳು. ಪಾಟೀಚೀಲದಿಂದ ಊಟದ ಡಬ್ಬಿ ತೆಗೆದು ಗಲ್ಲೆಯ ಮುಂದೆ ಇಟ್ಟಳು. ಒಳಗೆ ಕಾಗದದಲ್ಲಿ ಸುತ್ತಿದ ಒಂದು ತುಂಡು ಚಾಕಲೇಟ್ ಕೇಕು ಇತ್ತು.

"ಅಜ್ಜಾ, ಗೆಳತಿ ಹುಟ್ಟಿದ ದಿವಸಂತ ಎಲ್ಲಾರಿಗೂ ಕೊಟ್ಟಾರ. ಇದರಾಗ ತತ್ತಿ ಐತೇನ್ರಿ? ಗೊತ್ತಿಲ್ಲಂತ ನಾ ತಿಂದಿಲ್ಲ."

ತೂಗಿ ಕೊಟ್ಟ ಬೇಕರಿಯ ಕೇಕು. ಮೇಲೆ ಚೀಟಿಯಿಲ್ಲ, ಗುರುತಿಲ್ಲ. ನನಗೂ ಗೊತ್ತಾಗಲಿಲ್ಲ. "ಗೊತ್ತಿಲ್ಲದ್ದು ಬ್ಯಾಡವ್ವಾ" ಎಂದೆ. ಕೂಸು ಹಟ ಮಾಡಲಿಲ್ಲ, ಅಳಲಿಲ್ಲ. ಡಬ್ಬಿ ಮುಚ್ಚಿ, ಅಂಗಡಿಯ ಬರಣಿಗಳ ಕಡೆ ನೋಡಿ ಒಂದೇ ಮಾತು ಕೇಳಿದಳು: "ನಮ್ಮ ಅಂಗಡ್ಯಾಗ ಇಷ್ಟ ಚಾಕಲೇಟ್ ಅದಾವ. ಮನ್ಯಾಗ ಕೇಕ ಮಾಡಾಕ ಬರೂದಿಲ್ಲೇನು?"

ನಲವತ್ತು ವರ್ಷದಿಂದ ಶೇಗಾಂವದಲ್ಲಿ ಕಿರಾಣಿ ವ್ಯಾಪಾರ ಮಾಡುತ್ತಿದ್ದೇನೆ. ಮಾರಿದ ಚಾಕಲೇಟಿಗೆ ಲೆಕ್ಕವಿಲ್ಲ. ಆದರೆ ಅದನ್ನು ಕರಗಿಸುವುದು ಹೇಗೆಂದು ಕೇಳಿದರೆ ಹೇಳಲು ನನಗೆ ಬರುತ್ತಿರಲಿಲ್ಲ. ಮಕ್ಕಳಿಗೆ 'ಬೇಡ' ಎಂದು ಹೇಳುವುದು ಸುಲಭ. ಬೇಡವೆಂದ ಮೇಲೆ ಅದರ ಬದಲು ಕೈಗೆ ಏನು ಕೊಡಬೇಕೆಂದು ನಾವು ಹಿರಿಯರು ವಿಚಾರ ಮಾಡುವುದು ಕಡಿಮೆ. ಅವಳ ಹುಟ್ಟಿದ ದಿನಕ್ಕೆ ಇನ್ನೂ ಮೂರು ವಾರ ಇತ್ತು. ಅಷ್ಟರೊಳಗೆ ಕಲಿಯುವುದೆಂದು ನಿರ್ಧರಿಸಿದೆವು.

ಮೊದಲನೆಯ ಸಲ ಕೆಟ್ಟದ್ದು

ಮುಂದಿನ ರವಿವಾರ ಸೊಸೆ ಚಾಕಲೇಟ್ ಗಟ್ಟಿಯನ್ನು ಒಡೆದು ಬೋಗುಣಿಗೆ ಹಾಕಿ, ಕುದಿಯುವ ನೀರಿನ ಪಾತೇಲಿಯ ಮೇಲೆ ಇಟ್ಟಳು. ಅಂಗಡಿಗೆ ಹೋಗುವ ಅವಸರ ನನಗೆ. ಬೇಗ ಕರಗಲೆಂದು ಗ್ಯಾಸಿನ ಉರಿ ದೊಡ್ಡದು ಮಾಡಿ, ಬೋಗುಣಿಯ ಮೇಲೆ ತಾಟು ಮುಚ್ಚಿದೆ. ಐದು ನಿಮಿಷಕ್ಕೆ ತೆಗೆದು ನೋಡಿದರೆ, ನುಣ್ಣಗೆ ಹರಿಯಬೇಕಾದ ಚಾಕಲೇಟು ಒದ್ದೆ ಮಣ್ಣಿನ ಹಾಗೆ ಗಂಟುಗಂಟಾಗಿ ಕುಳಿತಿತ್ತು. "ಮಾಮಾ, ಎಲ್ಲಾ ಗಂಟ ಆತ್ರಿ" ಎಂದು ಸೊಸೆ ಹೆದರಿದಳು. ಅವಳಿಗೆ ನಾನು ಏನೋ ಅನ್ನಲು ಹೋದೆ. ನಮ್ಮ ಮನೆಯವಳು ನಡುವೆ ಬಂದು, "ಉರಿ ಜೋರ ಮಾಡಿದವರು ನೀವ, ತಾಟ ಮುಚ್ಚಿದವರೂ ನೀವ. ಈಗ ಅಕಿಗ್ಯಾಕ ಅಂತೀರಿ?" ಎಂದಳು. ಮಾತು ನಿಜವೇ ಇತ್ತು. ಉಗಿಯ ಹನಿಗಳು ತಾಟಿನ ಒಳಮೈಗೆ ಕೂಡಿ ಚಾಕಲೇಟಿನೊಳಗೆ ಇಳಿದಿದ್ದವು.

ಆ ಸಂಜೆ ಅಂಗಡಿಯಲ್ಲಿ ಕುಳಿತಾಗ ಒಂದು ವಿಚಾರ ಹೊಳೆಯಿತು. ನಮ್ಮ ಜತ್ತ ತಾಲೂಕು ಮಳೆ ಕಡಿಮೆಯ, ಬಿಸಿಲು ಹೆಚ್ಚಿನ ಸೀಮೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯೊಳಗಿನ ಚಾಕಲೇಟೆಲ್ಲ ತಾನಾಗಿಯೇ ಕರಗಿ ಮೆತ್ತಗಾಗುತ್ತದೆ. ಹಾಗೆ ಕರಗಿದ್ದು ಒಂದು ಸಲವೂ ಗಂಟಾದದ್ದು ನಾನು ಕಂಡಿಲ್ಲ, ಹೊತ್ತಿದ್ದೂ ಇಲ್ಲ. ಬಿಸಿಲು ಮಾಡುವ ಕೆಲಸ ನಮ್ಮ ಬೆಂಕಿಗೆ ಏಕೆ ಆಗಲಿಲ್ಲ? ಬಿಸಿಲಿನ ಕಾವು ಒಣ ಕಾವು, ನಿಧಾನದ ಕಾವು. ಚಾಕಲೇಟಿಗೆ ಬೇಕಾದದ್ದು ಇವೆರಡೇ. ಉಳಿದದ್ದೆಲ್ಲ ಇದರ ವಿಸ್ತಾರ.

ಚಾಕಲೇಟ್ ಎಂದರೇನು?

ವಸ್ತುವಿನ ಗುಣ ತಿಳಿದರೆ ಕೆಲಸ ಹಗುರಾಗುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲೆಗಳ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಗಿಡ ಬೆಳೆಯುತ್ತಾರೆ. ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಕೂಡಿ 1973 ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. 1986 ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟ್ ಕಾರಖಾನೆ ಶುರುವಾಯಿತು. ಚಾಕಲೇಟು ಪರದೇಶದ ವಸ್ತುವೆಂದು ತಿಳಿದವರಿಗೆ ಇದು ಗೊತ್ತಿರಲಿ.

ಕೋಕೋ ಕಾಯಿ ಒಡೆದು, ಬೀಜಗಳನ್ನು ಕೆಲವು ದಿನ ಗುಡ್ಡೆ ಹಾಕಿ ಹುದುಗು ಬರಿಸಿ, ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಅರೆಯುತ್ತಾರೆ. ಹೀಗೆ ಸುಲಿದ ಬೀಜದಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುತ್ತದೆ. ಅದಕ್ಕೆ ಕೋಕೋ ಬೆಣ್ಣೆ ಎನ್ನುತ್ತಾರೆ. ಹಾಲಿನ ಬೆಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಈ ಕೊಬ್ಬಿನಲ್ಲಿ ಕೋಕೋ ಪುಡಿ, ಸಕ್ಕರೆ ಪುಡಿಗಳ ಅತಿ ಸಣ್ಣ ಕಣಗಳು ಸೇರಿದ್ದೇ ಚಾಕಲೇಟು. ಮಿಲ್ಕ್ ಚಾಕಲೇಟಿನಲ್ಲಿ ಹಾಲಿನ ಪುಡಿಯೂ ಇರುತ್ತದೆ. ಒಳ್ಳೆಯ ಚಾಕಲೇಟಿನ ಕೊಬ್ಬು ಸುಮಾರು 34 ಡಿಗ್ರಿಗೆ ಕರಗುತ್ತದೆ. ನಮ್ಮ ಮೈಯ ಕಾವು 37 ಡಿಗ್ರಿ. ಆದ್ದರಿಂದಲೇ ಅದು ಬಾಯಿಗೆ ಹಾಕಿದೊಡನೆ ಕರಗುತ್ತದೆ. ಇಷ್ಟು ಕಡಿಮೆ ಕಾವಿಗೆ ಕರಗುವ ವಸ್ತುವಿಗೆ ನಾನು ಬೆಲ್ಲದ ಪಾಕದ ಉರಿ ಕೊಟ್ಟಿದ್ದೆ!

ಎರಡು ಹನಿ ನೀರು ಬಿದ್ದರೆ ಏಕೆ ಗಂಟಾಗುತ್ತದೆ ಎಂಬುದೂ ಇದರಿಂದ ತಿಳಿಯುತ್ತದೆ. ಕೊಬ್ಬಿನಲ್ಲಿ ತೇಲುವ ಸಕ್ಕರೆ, ಕೋಕೋ ಕಣಗಳು ಒಣಗಿರುತ್ತವೆ. ಸ್ವಲ್ಪ ನೀರು ಸಿಕ್ಕರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಸಕ್ಕರೆಯ ಡಬ್ಬಿಗೆ ಹಸಿ ಚಮಚ ಹಾಕಿದರೆ ಆಗುವುದೂ ಇದೇ ಅಲ್ಲವೇ?

ಕರಗಿಸುವ ಸರಿಯಾದ ರೀತಿ

ಎರಡನೆಯ ಸಲ ನಾವು ಮಾಡಿದ ಕ್ರಮ ಹೀಗಿದೆ.

ಬೋಗುಣಿ, ಚಮಚ, ಚೂರಿ, ಮಣೆ ಎಲ್ಲವನ್ನೂ ಒಣ ಅರಿವೆಯಿಂದ ಒರೆಸಿಕೊಳ್ಳಬೇಕು. ಚಾಕಲೇಟನ್ನು ಸಣ್ಣಗೆ ಹೆರೆಯಬೇಕು. ದೊಡ್ಡ ತುಂಡಾದರೆ ಹೊರಗೆ ಹೊತ್ತುತ್ತದೆ, ಒಳಗೆ ಗಟ್ಟಿಯೇ ಉಳಿಯುತ್ತದೆ. ಪಾತೇಲಿಯಲ್ಲಿ ಎರಡು ಬೆರಳು ನೀರು ಸಾಕು. ಮೇಲಿನ ಬೋಗುಣಿ ಪಾತೇಲಿಯ ಬಾಯಿಗಿಂತ ಅಗಲವಿರಲಿ, ಉಗಿ ಒಳಗೆ ಬರುವುದಿಲ್ಲ. ಬೋಗುಣಿಯ ತಳ ನೀರಿಗೆ ತಾಗಬಾರದು. ನೀರಿಗೆ ಉಗಿ ಬಂದ ಕೂಡಲೆ ಗ್ಯಾಸ್ ಆರಿಸಿ, ಆ ಮೇಲೆ ಬೋಗುಣಿ ಇಡಬೇಕು. ಏನನ್ನೂ ಮುಚ್ಚಬಾರದು. ಮೆಲ್ಲಗೆ ಕೈಯಾಡಿಸುತ್ತ ಇರಬೇಕು. ಮುಕ್ಕಾಲು ಪಾಲು ಕರಗಿದಾಗ ಕೆಳಗಿಳಿಸಿ, ಬೋಗುಣಿಯ ಹೊರಗಿನ ಹಸಿ ಒರೆಸಿ, ಹಾಗೆಯೇ ತಿರುವಿದರೆ ಉಳಿದದ್ದು ಅದೇ ಕಾವಿಗೆ ಕರಗುತ್ತದೆ. 45 ಡಿಗ್ರಿಯ ಮೇಲೆ ಹೋಗುವ ಅವಶ್ಯಕತೆಯಿಲ್ಲ. ಬೆರಳಿಗೆ ತಾಗಿಸಿದರೆ ಬೆಚ್ಚಗೆ ಅನಿಸಬೇಕು, ಸುಡಬಾರದು. ಬಿಳಿ ಚಾಕಲೇಟು ಮತ್ತು ಮಿಲ್ಕ್ ಚಾಕಲೇಟಿನಲ್ಲಿ ಹಾಲಿನ ಅಂಶ ಇರುವುದರಿಂದ ಅವು ಇನ್ನೂ ಬೇಗ ಹೊತ್ತುತ್ತವೆ.

ಮನೆಯಲ್ಲಿ ಮೈಕ್ರೋವೇವ್ ಇದ್ದವರು ಅರ್ಧ ಶಕ್ತಿಗೆ ಇಟ್ಟು, ಅರ್ಧ ಅರ್ಧ ನಿಮಿಷಕ್ಕೆ ತೆಗೆದು ತಿರುವಬೇಕು. ಅದರಲ್ಲಿ ಕರಗಿದರೂ ತುಂಡಿನ ಆಕಾರ ಹಾಗೆಯೇ ಇರುತ್ತದೆ. ಇನ್ನೂ ಕರಗಿಲ್ಲವೆಂದು ಮತ್ತೆ ಇಟ್ಟರೆ ಹೊತ್ತುವುದು ಖಂಡಿತ.

ಗಂಟಾದದ್ದನ್ನು ಚೆಲ್ಲಬೇಕಾಗಿಲ್ಲ. ಎರಡು ಹನಿ ನೀರಿಗೆ ಗಂಟಾಗುವ ವಸ್ತು, ಹೆಚ್ಚು ನೀರು ಸಿಕ್ಕರೆ ಮತ್ತೆ ಸಡಿಲಾಗುತ್ತದೆ. 50 ಗ್ರಾಂ ಚಾಕಲೇಟಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ಬಿಸಿ ಹಾಲು ಹಾಕಿ ತಿರುವಿದರೆ ನುಣುಪಾದ ಸಾರ ಆಗುತ್ತದೆ. ಕೇಕಿನ ಹಿಟ್ಟಿಗೆ, ಹಾಲಿಗೆ ನಡೆಯುತ್ತದೆ. ಮೇಲೆ ಲೇಪಿಸಲು ಮಾತ್ರ ಬರುವುದಿಲ್ಲ. ನನ್ನ ಅವಸರದ ಫಲವನ್ನು ನಾವು ನಾಲ್ಕು ದಿನ ಹಾಲಿಗೆ ಹಾಕಿ ಕುಡಿದೆವು. ಹೊತ್ತಿದ ಚಾಕಲೇಟಿಗೆ ಮಾತ್ರ ಉಪಾಯವಿಲ್ಲ. ಕಹಿ ಹೋಗುವುದಿಲ್ಲ.

ಕೇಕಿನ ಪುಸ್ತಕಗಳಲ್ಲಿ ಚಾಕಲೇಟಿನ ಜೊತೆ ಬೆಣ್ಣೆ ಕರಗಿಸಲು ಹೇಳುತ್ತಾರೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಬೆಣ್ಣೆ ವರ್ಜ್ಯ. ಅವರು ಚಿಂತಿಸಬೇಕಾಗಿಲ್ಲ. ಬೆಣ್ಣೆಯಲ್ಲಿ ನೀರಿನ ಅಂಶ ಇರುತ್ತದೆ, ಚೆನ್ನಾಗಿ ಕಾಸಿದ ತುಪ್ಪದಲ್ಲಿ ಇರುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ತುಪ್ಪವೇ ಅನುಕೂಲ. ಚಾಕಲೇಟ್ ಗಟ್ಟಿ ಸಿಗದ ಹಳ್ಳಿಯಲ್ಲಿ ಮೂರು ದೊಡ್ಡ ಚಮಚ ಕೋಕೋ ಪುಡಿಗೆ ಒಂದು ಚಮಚ ತುಪ್ಪ ಬೆರೆಸಿದರೆ ಸುಮಾರು 28 ಗ್ರಾಂ ಸಕ್ಕರೆಯಿಲ್ಲದ ಚಾಕಲೇಟಿನ ಕೆಲಸ ಆಗುತ್ತದೆ.

ಚೀಟಿ ಓದುವ ರೂಢಿ

ನಮ್ಮ ದೇಶದಲ್ಲಿ ಕಟ್ಟಿದ ತಿನಿಸುಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಗುರುತು ಕಡ್ಡಾಯವಿದೆ. ತತ್ತಿ ಇದ್ದರೆ ಹಸಿರು ಗುರುತು ಹಾಕುವಂತಿಲ್ಲ. ಆದರೆ ನಮ್ಮವರು ಒಂದು ಮಾತು ಲಕ್ಷ್ಯದಲ್ಲಿಡಬೇಕು. ಸರಕಾರದ ನಿಯಮದಂತೆ ಜೇನುತುಪ್ಪವಿದ್ದರೂ, ಹೊಳಪಿಗೆ ಅರಗು ಬಳಿದಿದ್ದರೂ ಹಸಿರು ಗುರುತು ಇರಬಹುದು. ಆದ್ದರಿಂದ ಗುರುತು ನೋಡಿದ ಮೇಲೆ ಸಣ್ಣ ಅಕ್ಷರದ ಯಾದಿಯನ್ನೂ ಓದಬೇಕು. ಅದರಲ್ಲಿಯ 322 ಎಂಬ ಸಂಖ್ಯೆ ಲೆಸಿಥಿನ್, ಬಹುತೇಕ ಸೋಯಾದಿಂದ ಬಂದದ್ದು. 476 ಎಂಬುದನ್ನು ಔಡಲ ಎಣ್ಣೆಯಿಂದ ತಯಾರಿಸುತ್ತಾರೆ. 'ಕಾಂಪೌಂಡ್' ಎಂದು ಬರೆದಿದ್ದರೆ ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಗಿಡದ ಕೊಬ್ಬು ಇರುತ್ತದೆ. ಬೆಲೆ ಕಡಿಮೆ, ರುಚಿಯೂ ಸ್ವಲ್ಪ ಕಡಿಮೆ. ಆದರೆ ಅದು ಆರಿದ ಮೇಲೆ ತಾನಾಗಿಯೇ ಗಟ್ಟಿಯಾಗಿ ಹೊಳೆಯುತ್ತದೆ. ಮಡಿಕೇರಿ, ಊಟಿಯ ಪ್ರವಾಸಕ್ಕೆ ಹೋದವರು ತರುವ 'ಹೋಂ ಮೇಡ್' ಚಾಕಲೇಟುಗಳನ್ನು ಹೆಚ್ಚಾಗಿ ಇಂಥ ಗಟ್ಟಿಯನ್ನು ಕರಗಿಸಿ, ಗೋಡಂಬಿ, ಒಣದ್ರಾಕ್ಷಿ ಸೇರಿಸಿ, ಅಚ್ಚಿಗೆ ಹೊಯ್ದು ಮಾಡುತ್ತಾರೆ. ಅಲ್ಲಿಯ ತಂಪು ಹವೆ ಅವರಿಗೆ ಸಹಾಯ. ನಮ್ಮ ಕಡೆಯವರು ಇದನ್ನು ಬೆಳಗಿನ ತಂಪಿನಲ್ಲಿ ಮಾಡುವುದು ಒಳ್ಳೆಯದು. ನಿಯಮ, ವ್ರತವುಳ್ಳವರು ತಮ್ಮ ತಮ್ಮ ನಿಯಮದಂತೆ ನಡೆಯಲಿ. ನಾನು ಬರೆಯುತ್ತಿರುವುದು ಸಾಮಾನ್ಯ ಗೃಹಸ್ಥರ ಮನೆಗಾಗಿ.

ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಬೇಸಿಗೆಯಲ್ಲಿ ಕರಗಿ ಮತ್ತೆ ಗಟ್ಟಿಯಾದ ಚಾಕಲೇಟಿನ ಮೇಲೆ ಬಿಳಿ ಪೊರೆ ಬರುತ್ತದೆ. ಗಿರಾಕಿಗಳು ಬೂಷ್ಟು ಎಂದು ತಿರುಗಿ ತರುತ್ತಾರೆ. ಅದು ಬೂಷ್ಟಲ್ಲ, ಮೇಲಕ್ಕೆ ಬಂದ ಕೋಕೋ ಬೆಣ್ಣೆ. ಕೆಡುಕಿಲ್ಲ. ಕರಗಿಸಿದರೆ ಪೊರೆ ಮಾಯವಾಗುತ್ತದೆ, ಕೇಕಿಗೆ ಚೆನ್ನಾಗಿ ಬರುತ್ತದೆ. ಆದರೆ ಅಂಥ ಮಾಲನ್ನು ಸುಮ್ಮನೆ ಪೂರ್ತಿ ಬೆಲೆಗೆ ದಾಟಿಸಬಾರದು. ಕಾರಣ ಹೇಳಿ, ಬೆಲೆ ಇಳಿಸಿ, ಕರಗಿಸುವವರಿಗೆ ಕೊಡಬೇಕು. ಮೊದಲೆಲ್ಲ ನಾನು ಅದನ್ನು ಹಾನಿಯೆಂದು ಬರೆದು ಬಿಸಾಡುತ್ತಿದ್ದೆ. ಎರಡನೆಯ ಸಲ ನಾವು ಮನೆಯಲ್ಲಿ ಕರಗಿಸಿದ್ದು ಅಂಥ ಗಟ್ಟಿಯನ್ನೇ.

ನಮ್ಮ ಮನೆಯ ಕೇಕು

100 ಗ್ರಾಂ ಕಪ್ಪು ಚಾಕಲೇಟು ಮತ್ತು 75 ಗ್ರಾಂ ತುಪ್ಪವನ್ನು ಮೇಲೆ ಹೇಳಿದಂತೆ ಕೂಡಿಯೇ ಕರಗಿಸಿ ಉಗುರು ಬೆಚ್ಚಗೆ ಆರಿಸಬೇಕು. 150 ಗ್ರಾಂ ಮೈದಾ, ಎರಡು ಚಮಚ ಕೋಕೋ ಪುಡಿ, ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್, ಅರ್ಧ ಸಣ್ಣ ಚಮಚ ಸೋಡಾ, ಚಿಟಿಕೆ ಉಪ್ಪು ಕೂಡಿಸಿ ಎರಡು ಸಲ ಜರಡಿ ಹಿಡಿಯಬೇಕು. 200 ಗ್ರಾಂ ತಾಜಾ ಮೊಸರಿನಲ್ಲಿ 100 ಗ್ರಾಂ ಸಕ್ಕರೆ ಪುಡಿ ಕದಡಬೇಕು. ಮೊಸರು ತಣ್ಣಗಿರಬಾರದು, ತಂಪು ತಾಗಿದರೆ ಚಾಕಲೇಟು ಹರಳುಗಟ್ಟುತ್ತದೆ. ಮೊಸರಿಗೆ ಚಾಕಲೇಟು ಸೇರಿಸಿ, ಆ ಮೇಲೆ ಹಿಟ್ಟು ಹಾಕಿ, ಬೇಕಾದಷ್ಟು ಹಾಲು ಬಿಟ್ಟು ಇಡ್ಲಿ ಹಿಟ್ಟಿನ ಹದಕ್ಕೆ ತರಬೇಕು. ಹೆಚ್ಚು ತಿರುವಬಾರದು. ತುಪ್ಪ ಸವರಿದ ಡಬ್ಬಿಗೆ ಕೂಡಲೆ ಹೊಯ್ಯಬೇಕು.

ನಮ್ಮಲ್ಲಿ ಓವನ್ ಇಲ್ಲ. ದಪ್ಪ ತಳದ ಪಾತೇಲಿಯಲ್ಲಿ ಉಪ್ಪು ಹರಡಿ, ಮೇಲೊಂದು ಸಿಂಬಿಯಂಥ ಸ್ಟ್ಯಾಂಡು ಇಟ್ಟು, ಹತ್ತು ನಿಮಿಷ ಕಾಸಿ, ಡಬ್ಬಿ ಇಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 40 ರಿಂದ 50 ನಿಮಿಷ ಬೇಯಿಸಿದೆವು. ಓವನ್ ಇದ್ದವರಿಗೆ 180 ಡಿಗ್ರಿಯಲ್ಲಿ 35 ನಿಮಿಷ ಸಾಕಾಗುತ್ತದೆ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು.

ಹುಟ್ಟಿದ ದಿನ ನಾಲ್ಕು ಗಂಟೆಗೇ ದೀಪ ಹಚ್ಚಿ, ಹೊತ್ತು ಮುಳುಗುವುದಕ್ಕೆ ಬಹಳ ಮೊದಲೇ ಕೇಕು ಕತ್ತರಿಸಿ ತಿಂದದ್ದಾಯಿತು. ಒಂದು ಬದಿ ಸ್ವಲ್ಪ ಕೆಳಗೆ ಕುಸಿದಿತ್ತು, ಯಾರೂ ಅದನ್ನು ನೋಡಲಿಲ್ಲ. ಮರುದಿನ ಮೊಮ್ಮಗಳು ಅದೇ ಊಟದ ಡಬ್ಬಿಯಲ್ಲಿ ಕೇಕಿನ ತುಂಡುಗಳನ್ನು ಹಾಕಿಕೊಂಡು ಶಾಲೆಗೆ ಹೋದಳು. ಸಂಜೆ ಮತ್ತೆ ಅಂಗಡಿಗೇ ಬಂದು ಖಾಲಿ ಡಬ್ಬಿ ತೋರಿಸಿದಳು.

"ಅಜ್ಜಾ, ಇದರಾಗ ಏನೇನ ಹಾಕೀರಿ ಅಂತ ಗೆಳತಿ ಕೇಳಿದ್ಲು. ನಾ ಎಲ್ಲಾ ಹೇಳಿದೆ."

ವಾಚಕ ಬಂಧುಗಳೇ, ನನಗೆ ಬೇಕಾಗಿದ್ದದ್ದು ಇದೇ. ಏನು ತಿನ್ನುತ್ತೇವೆ, ಅದರಲ್ಲಿ ಏನಿದೆ ಎಂದು ಮಗು ನಾಲ್ಕು ಮಂದಿಯ ಮುಂದೆ ಅಳುಕಿಲ್ಲದೆ ಹೇಳಬೇಕು. ಅದಕ್ಕೆ ಉಪದೇಶಕ್ಕಿಂತ ಒಂದು ಒಣ ಬೋಗುಣಿ, ಸಣ್ಣ ಉರಿ ಮತ್ತು ಹಿರಿಯರ ಅರ್ಧ ತಾಸು ಹೆಚ್ಚು ಉಪಯೋಗಕ್ಕೆ ಬಂದವು.